ಕೆಂಪು ಚಿಂದಿ ಕಟ್ಟಿದ ಹೇಂಟೆ

ದೇವರ ಕೋಳಿಯನ್ನು ಕೊಯ್ದು ಪದಾರ್ಥ ಮಾಡಿ ತಿಂದದ್ದು ನಾವು, ಹನ್ನಕ್ಕ. ನೀವಲ್ಲ. ಕೊಯ್ದವಳು ನಾನು, ಬೇಯಿಸಿದವಳು ನಾನು, ಬಡಿಸಿದವಳು ನಾನು. ಗರಿಗಳನ್ನು ನಿಮ್ಮ ಬಾಳೆಬುಡದಲ್ಲಿ ಹೂತವಳೂ ನಾನೇ. ಇನ್ನು ನಿಮ್ಮ ಕೋಳಿ — ಅದನ್ನು ಗಿಡುಗ ಒಯ್ಯಲಿಲ್ಲ, ಮುಂಗುಸಿ ಹಿಡಿಯಲಿಲ್ಲ. ಹಿಡಿದದ್ದು ನನ್ನ ಈ ಎರಡು ಕೈಗಳು. ಹೋದ ವಾರ ಕಡಬದ ಹತ್ತಿರ ಕೋಡಿಂಬಾಳದಲ್ಲಿ ನಿಮ್ಮ ಚಾಪೆಯ ಮೇಲೆ ಕೂತು ಮೊಮ್ಮಗಳನ್ನು ಎತ್ತಿಕೊಂಡದ್ದೂ ಇವೇ ಕೈಗಳು.

ಬರೆದುಬಿಟ್ಟೆ.

ಇಷ್ಟು ವರ್ಷ ಬಾಯಿ ಬಿಡದವಳು ಈಗ ಯಾಕೆ ಬಿಟ್ಟಳು ಎಂದು ನೀವು ಕೇಳಬಹುದು. ದುಃಖದಿಂದ ಅಲ್ಲ. ಸಂತೋಷ ತಡೆಯಲಾಗದೆ. ನಾನು ಅಜ್ಜಿಯಾದೆ! ನಿಮ್ಮ ಮಗಳು ಕರುಣ, ನನ್ನ ಮಗ ಆನಂದ — ಅವರಿಬ್ಬರ ಕೂಸು ಕಣ್ಣು ಮುಚ್ಚಿಕೊಂಡೇ ನನ್ನ ಬೆರಳು ಹಿಡಿಯಿತಲ್ಲ, ಆ ಹಿಡಿತ ಇನ್ನೂ ಬೆರಳಿನಲ್ಲಿದೆ. ಕಡಬದಿಂದ ಬರುವಾಗ ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಇಳಿದ ಮೇಲೆ ಪುತ್ತೂರಿನ ಪೇಟೆಯಲ್ಲಿ ಬಳೆಯವನಿಗೆ ಹೇಳಿದೆ, ಹೆಸರು ಗೊತ್ತಿಲ್ಲದ ಹೆಂಗಸರನ್ನು ನಿಲ್ಲಿಸಿ ಹೇಳಿದೆ. ಗಂಜಿ ಉಕ್ಕಿದರೆ ಮುಚ್ಚಳ ನಿಲ್ಲುತ್ತದೆಯೇ? ಮೇಲಿನ ನೊರೆಯ ಜೊತೆಗೆ ತಳದಲ್ಲಿ ಹಿಡಿದದ್ದೂ ಎದ್ದು ಬರುತ್ತದೆ. ಹಾಗಾಗಿದೆ ನನಗೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಹೋದವಳು. ಬರೆದದ್ದರಲ್ಲಿ ತಪ್ಪಿರಬಹುದು, ಹೇಳುವುದರಲ್ಲಿ ಮಾತ್ರ ಈ ಸಲ ತಪ್ಪು ಬರಬಾರದು. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಯಾಕೆಂದರೆ ಇದನ್ನು ನಿಮ್ಮ ಮುಂದೆ ಓದಿದ ಮೇಲೆ ನಮ್ಮ ಚರ್ಚಿನ ಸಭೆಯವರ ಮುಂದೆಯೂ ಓದಬೇಕೆಂದಿದ್ದೇನೆ. ಈಗಿನ ಸಭೆಯವರಲ್ಲಿ ಎಷ್ಟೋ ಜನರಿಗೆ ಆ ದಿನಗಳ ಸುದ್ದಿ ಗೊತ್ತಿಲ್ಲ — ಗೊತ್ತಿರುವವರಿಗೆ ಗೊತ್ತಿರುವುದು ನಾನು ಹೇಳಿದ ಸುಳ್ಳು.

ಆಗ ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿತ್ತು. ಪುತ್ತೂರಿನ ನಮ್ಮ ಚರ್ಚಿನ ಕೆಳಗಿನ ಜಾಗದಲ್ಲಿ ನಮ್ಮದೂ ನಿಮ್ಮದೂ ಅಕ್ಕಪಕ್ಕದ ಮನೆ. ನನ್ನ ಗಂಡ ಸಭೆಯ ಹಿರಿಯರು. ನಮ್ಮದು ಹಂಚಿನ ಮನೆ. ನಿಮ್ಮ ಗಂಡ ತೀರಿಹೋಗಿದ್ದರು. ನಿಮ್ಮದು ಹುಲ್ಲಿನ ಮನೆ. ನಡುವೆ ಒಂದು ಬಾಳೆಯ ಹಿಂಡು, ನಮ್ಮ ಬಚ್ಚಲ ನೀರು ಕುಡಿದು ನಿಮ್ಮ ಕಡೆ ಬೆಳೆದದ್ದು. ನಿಮ್ಮನ್ನು ನಾನು ‘ಹನ್ನ’ ಎಂದು, ‘ನೀನು’ ಎಂದು ಕರೆಯುತ್ತಿದ್ದೆ. ನೀವು ನನ್ನನ್ನು ಅಂದಿನಿಂದಲೂ ‘ಮಾರ್ಥಕ್ಕ’ ಎನ್ನುತ್ತೀರಿ.

ಬೇಸಿಗೆ ಬಂತೆಂದರೆ ಸಭೆಗೆ ಸಂಭ್ರಮ. ಶಾಲೆಗೆ ರಜೆ ಸಿಕ್ಕಿದ ಮಕ್ಕಳಿಗೆ ಬೆಳಿಗ್ಗೆ ಚರ್ಚಿನ ಜಗಲಿಯಲ್ಲಿ ಬೇಸಿಗೆ ಶಾಲೆ — ಹಾಡು, ಬೈಬಲಿನ ಕತೆ, ಓಲೆ ಹೆಣೆಯುವುದು. ಹೆಂಗಸರಾದ ನಮಗೆ ಬೇರೆ ಕೆಲಸ. ಪ್ರತಿಮನೆಯಲ್ಲಿ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಇಡುವುದು ವಾಡಿಕೆ. ಆ ಮುಷ್ಟಿ ಅಕ್ಕಿಯನ್ನೆಲ್ಲ ಕೂಡಿಸಿ, ಮೊರದಲ್ಲಿ ಗೇರಿ, ಗಂಟು ಕಟ್ಟಿ, ಮಳೆ ಹಿಡಿಯುವ ಮೊದಲು ಕುಂಬ್ರದ ಕಡೆ, ಅದರಾಚೆಯ ಗುಡ್ಡದ ಕಡೆ ಬಡವರ ಮನೆಗಳಿಗೆ ಮುಟ್ಟಿಸುತ್ತಿದ್ದೆವು. ಯಾವ ಜಾತಿ, ಯಾವ ದೇವರು ಎಂದು ಕೇಳುತ್ತಿರಲಿಲ್ಲ. ಅಕ್ಕಿಯ ಬುಟ್ಟಿ ಯಾವಾಗಲೂ ನಿಮ್ಮ ತಲೆಯ ಮೇಲೆ. ಎಷ್ಟು ಏರು ಹತ್ತಿದರೂ ನಿಮ್ಮ ಬುಟ್ಟಿ ಅಲುಗುತ್ತಿರಲಿಲ್ಲ. ನೀವೇ ಕೊರತೆಯ ಮನೆಯವರು, ಆದರೂ ನಿಮ್ಮ ಮುಷ್ಟಿ ನನ್ನ ಮುಷ್ಟಿಗಿಂತ ದೊಡ್ಡದಿರುತ್ತಿತ್ತು. ನನಗೆ ಅದು ಕಾಣುತ್ತಿತ್ತು. ಕಂಡರೂ —

ಇರಲಿ. ಕೋಳಿಯ ವಿಷಯಕ್ಕೆ ಬರುತ್ತೇನೆ.

ಕ್ರಿಸ್‌ಮಸ್ ಕಳೆದ ಮೇಲೆ ನಮ್ಮ ಪಾದ್ರಿ ಅಯ್ಯನವರ ಹೆಂಡತಿ ಒಂದೊಂದು ಮನೆಗೆ ಒಂದೊಂದು ಕೋಳಿಮರಿ ಕೊಡುತ್ತಿದ್ದರು. ಅದು ದೇವರ ಕೋಳಿ. ಗುರುತಿಗೆ ಕಾಲಿಗೆ ಕೆಂಪು ಚಿಂದಿ ಕಟ್ಟುವುದು. ಸಾಕುವುದು ನಾವು; ಬೇಸಿಗೆ ಶಾಲೆ ಮುಗಿಯುವ ಶನಿವಾರ ಚರ್ಚಿನ ಅಂಗಳದಲ್ಲಿ ಅವುಗಳನ್ನು ಏಲಂ ಹಾಕಿ, ಬಂದದ್ದರಲ್ಲಿ ಇಲ್ಲದವರಿಗೆ ಮಳೆಗಾಲಕ್ಕೆ ಕಂಬಳಿ ತರುವುದು. ಆ ವರ್ಷ ನಿಮಗೂ ನನಗೂ ಸಿಕ್ಕಿದ ಮರಿಗಳು ಒಂದೇ ತಾಯಿಯವು. ಎರಡೂ ಬೂದುಬಣ್ಣ, ಮೈತುಂಬ ಬಿಳಿ ಚುಕ್ಕೆ. ಬೇರೆಯವರು ನೋಡಿದರೆ ಯಾವುದು ಯಾರದ್ದೆಂದು ಗೊತ್ತಾಗದು.

ಏಪ್ರಿಲಿನಲ್ಲಿ ಕೋಳಿಗಳಿಗೆ ರೋಗ ಬಂತು, ನಿಮಗೆ ನೆನಪುಂಟಲ್ಲ. ತೂಕಡಿಸಿ ತೂಕಡಿಸಿ ಸತ್ತವು. ದುಡ್ಡು ಕೊಟ್ಟು ತರುತ್ತೇನೆಂದರೆ ಪೇಟೆಯಲ್ಲೂ ಕೋಳಿ ಇಲ್ಲ, ಕುಂಬ್ರದಲ್ಲೂ ಇಲ್ಲ. ನಮ್ಮ ಮನೆಯ ಕೋಳಿಗಳೆಲ್ಲ ಹೋಗಿ ಕೊನೆಗೆ ಉಳಿದದ್ದು ಒಂದು, ಕಾಲಿಗೆ ಕೆಂಪು ಚಿಂದಿ ಇದ್ದದ್ದು. ನಿಮ್ಮದೂ ಉಳಿಯಿತು. “ದೇವರ ಕೋಳಿಗೆ ರೋಗ ಹೆದರ್ತದೆ ನೋಡಿ” ಎಂದು ನೀವು ನಕ್ಕದ್ದು ನೆನಪುಂಟು.

ಏಲಮಿಗೆ ಎರಡು ದಿನ ಇರುವಾಗ, ಗುರುವಾರ, ನಮ್ಮ ನಾದಿನಿಯನ್ನು ನೋಡಲು ಮಂಗಳೂರಿನಿಂದ ಗಂಡಿನ ಕಡೆಯವರು ಬಂದರು. ಬರುತ್ತೇವೆಂದು ಹೇಳಿದ್ದು ಮುಂದಿನ ವಾರ. ಬಂದು ನಿಂತದ್ದು ಅಂದು, ಹೊತ್ತೇರುವಾಗ. ನನ್ನ ಗಂಡ ಒಳಗೆ ಬಂದು ಮೆಲ್ಲಗೆ ಕೇಳಿದರು, “ಕೋಳಿ ಎಂತಾದರೂ ಉಂಟಾ? ಬರೀ ಸಾರು ಹಾಕಿ ಕಳಿಸಿದರೆ ನಾಳೆ ಮಂಗಳೂರಿಡೀ ಹೇಳ್ತಾರೆ.”

“ಒಂದು ನಮ್ಮದು ಉಳಿದಿದೆ” ಎಂದೆ ನಾನು.

ಅವರು ಯಾವುದು ಎಂದು ಕೇಳಲಿಲ್ಲ. ಅಡುಗೆಮನೆಯ ಕೋಳಿಯ ಲೆಕ್ಕ ಗಂಡಸರಿಗೆ ಗೊತ್ತಿಲ್ಲ. ಅವರ ಮೇಲೆ ಹೊರಿಸುವುದಿಲ್ಲ. ಅವರು ಈ ವಿಷಯ ತಿಳಿಯದೆಯೇ ತೀರಿಹೋದರು. ನಾನು ಹಿತ್ತಿಲಿಗೆ ಹೋದೆ. ಅದು ಕರೆಯದೆಯೇ ಕಾಲಬುಡಕ್ಕೆ ಬಂತು — ದಿನಾ ನಾನೇ ಅಕ್ಕಿ ಹಾಕುವವಳಲ್ಲವೇ. ಚಿಂದಿ ಬಿಚ್ಚಲು ಕೈ ಬರಲಿಲ್ಲ. ಕೊಯ್ದ ಮೇಲೆ ಬಿಚ್ಚಿದೆ. ಅಂದು ನೀವೂ ಕರುಣಳೂ ಅಕ್ಕಿ ಹಂಚಲು ಹೋಗಿದ್ದಿರಿ, ಆನಂದ ಬೇಸಿಗೆ ಶಾಲೆಯಲ್ಲಿದ್ದ. ಬಿಸಿನೀರಿಗೆ ಅದ್ದಿ ಕಿತ್ತ ಗರಿ, ಆಮೇಲೆ ಎಲೆಯಲ್ಲಿ ಉಳಿದ ಎಲುಬು, ಜೊತೆಗೆ ಆ ಚಿಂದಿ — ಎಲ್ಲವನ್ನೂ ಹೂಳಬೇಕಿತ್ತು. ಬೇಸಿಗೆಯ ನೆಲ ಕಲ್ಲಿನ ಹಾಗೆ. ಬಚ್ಚಲ ನೀರು ಹೋಗಿ ಮಣ್ಣು ಮೆತ್ತಗಿದ್ದದ್ದು ಬಾಳೆಬುಡದಲ್ಲಿ ಮಾತ್ರ. ಅದು ನಿಮ್ಮ ಕಡೆ ಎಂದು ಆಗ ನಾನು ಯೋಚಿಸಿದೆನೋ ಇಲ್ಲವೋ... ಇಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಅದೂ ನಿಜವೋ ಎಂದು ಗೊತ್ತಿಲ್ಲ. ಬರೆಯುವುದಿಲ್ಲ.

ಬಂದವರು ಬೆರಳು ನೆಕ್ಕಿ ಹೊಗಳಿ ಹೋದರು. ಆ ಸಂಬಂಧ ಆಗಲೂ ಇಲ್ಲ.

ರಾತ್ರಿ ಮಲಗಿದ ಮೇಲೆ ನನಗೆ ಹೊಳೆಯಿತು, ಶನಿವಾರ ಅಂಗಳದಲ್ಲಿ ಪ್ರತಿಮನೆಯ ಹೆಸರು ಕರೆಯುತ್ತಾರೆ. ಹಿರಿಯರ ಮನೆಯ ಹೆಸರು ಮೊದಲು ಕರೆಯುತ್ತಾರೆ. ನನ್ನ ಗಂಡ ಎದ್ದು ನಿಂತು — ಏನು ತೋರಿಸುತ್ತಾರೆ? ರೋಗ ಬಂದು ಸತ್ತಿತು ಎನ್ನಬಹುದಿತ್ತು. ಆದರೆ ಬುಧವಾರ ಅಯ್ಯನವರ ಹೆಂಡತಿಯೇ ಬಂದು ಅದರ ಬೆನ್ನು ಸವರಿ, “ಮಾರ್ಥ, ಈ ಸಲ ನಿನ್ನದೇ ಮೇಲೆ” ಎಂದು ಹೇಳಿ ಹೋಗಿದ್ದರು. ಊರೆಲ್ಲ ಸಾಯುವಾಗ ಬದುಕಿದ್ದು ಈಗ ಎರಡು ದಿನದಲ್ಲಿ ಸತ್ತಿತೆಂದರೆ ಯಾರು ನಂಬುತ್ತಾರೆ, ಅದೂ ಮಂಗಳೂರಿನವರು ಬಂದು ಹೋದ ಮೇಲೆ? ನನಗೆ ದೇವರ ಹೆದರಿಕೆ ಆಗಲಿಲ್ಲ ಹನ್ನಕ್ಕ. ಸಭೆಯ ಹೆದರಿಕೆ ಆಯಿತು.

ಶುಕ್ರವಾರ ಬೆಳಿಗ್ಗೆ ನೀವು ಬುಟ್ಟಿ ತಲೆಗಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಿರಿ. ಕರುಣಳ ಕೈಯಲ್ಲಿ ನೀರಿನ ಕೂಜ.

“ಮಾರ್ಥಕ್ಕ, ಇವತ್ತು ಬರುವಾಗ ಕತ್ತಲಾಗ್ತದೆ. ನನ್ನ ಹೇಂಟೆಯ ಮೇಲೆ ಸ್ವಲ್ಪ ಕಣ್ಣಿಡಿ, ಆಯ್ತಾ? ಗಿಡುಗ ಸುತ್ತುದುಂಟು. ನಾಳೆ ಒಂದು ದಿನ ದಾಟಿದರೆ ಮತ್ತೆ ದೇವರುಂಟು, ಅವನ ಕೋಳಿ ಉಂಟು.”

“ಹೋಗು, ನಾನಿಲ್ವಾ?” ಎಂದೆ.

ಆ ಮಾತು ಹೇಳುವಾಗಲೇ ನನ್ನ ಮನಸ್ಸಿನಲ್ಲಿ ಅದು ಇತ್ತು. ಅದನ್ನು ನೀವು ತಿಳಿಯಬೇಕು. ಆಮೇಲೆ ಬಂದ ಬುದ್ಧಿಯಲ್ಲ. ನಿಮ್ಮ ಮುಖ ನೋಡಿಕೊಂಡು, ನಿಮ್ಮ ತಲೆಯ ಮೇಲಿನ ಬುಟ್ಟಿಯಲ್ಲಿ ಬಡವರ ಅಕ್ಕಿ ಇರುವಾಗ —

ಮಧ್ಯಾಹ್ನ ಹೋಗಿ ಹಿಡಿದು ತಂದೆ. ಅಡುಗೆಮನೆಯ ಮೂಲೆಯಲ್ಲಿ ಹೆಡಿಗೆ ಕವುಚಿ ಮುಚ್ಚಿಟ್ಟೆ. ಕಾಲಿನಲ್ಲಿ ಕೆಂಪು ಚಿಂದಿ ಹೇಗಿದ್ದರೂ ಇತ್ತು. ನಾನು ಬೇರೆ ಏನೂ ಮಾಡಬೇಕಾಗಿರಲಿಲ್ಲ.

ಸಂಜೆ ನೀವು ಬಂದು ಹುಡುಕಲು ಶುರುಮಾಡಿದಿರಿ. “ಮಾರ್ಥಕ್ಕ, ನೀವು ಕಂಡಿರಾ?” “ಇಲ್ಲ ಮಾರಾಯ್ತಿ, ನಾನು ಹೋಗುವಾಗಲೇ ಗೂಡು ಖಾಲಿ.” ನೀವು ಬೆಳಕಿಗೆ ತೆಂಗಿನ ಗರಿಯ ಸೂಟೆ ಹಚ್ಚಿದಿರಿ. ಕರುಣ ಬೇಲಿಯ ಬುಡದಲ್ಲಿ ಬಗ್ಗಿ ಬಗ್ಗಿ ಕರೆಯುತ್ತಿದ್ದಳು, ‘ಬಾ, ಬಾ, ಬಾ’ ಎಂದು. ಆ ಕೂಗು ಕೇಳಿ ನನ್ನ ಅಡುಗೆಮನೆಯ ಹೆಡಿಗೆಯೊಳಗೆ ಅದು ಓಗೊಟ್ಟಿತು. ನಿಮ್ಮ ಮಗಳ ದನಿ ಅದಕ್ಕೆ ಗೊತ್ತು. ನಾನು ಏನು ಮಾಡಿದೆ ಗೊತ್ತೇ? ನಾನೂ ಅಂಗಳಕ್ಕೆ ಇಳಿದು ಕರೆಯತೊಡಗಿದೆ. ಗಂಟಲು ಹರಿಯುವ ಹಾಗೆ, ‘ಬಾ, ಬಾ, ಬಾ’ ಎಂದು — ಒಳಗಿನ ಸದ್ದು ಹೊರಗೆ ಕೇಳಬಾರದಲ್ಲ. ನೀವು ಅಂದಿರಿ, “ನಿಮಗೆ ಯಾಕೆ ಇಷ್ಟು ತೊಂದರೆ ಮಾರ್ಥಕ್ಕ, ನೀವು ಒಳಗೆ ಹೋಗಿ.” ನಿಮ್ಮ ಕಣ್ಣಲ್ಲಿ ನೀರಿತ್ತು.

ನಾನು ಒಳಗೆ ಬಂದಾಗ ಆನಂದ ಹೆಡಿಗೆ ಎತ್ತಿ ನೋಡುತ್ತಿದ್ದ.

“ಅಮ್ಮಾ, ಇದು ನಮ್ಮದಾ? ನಮ್ಮದರ ಬಾಲ ಇಷ್ಟು ಉದ್ದ ಇಲ್ಲ.”

“ನಮ್ಮದಲ್ಲದೆ ಮತ್ತೆ ಯಾರದ್ದು? ಬಾಯಿ ಮುಚ್ಚಿ ಊಟ ಮಾಡು.”

ಅವನು ಊಟ ಮಾಡಿದ. ಆ ಮೇಲೆ ಎಂದೂ ಕೇಳಲಿಲ್ಲ. ದೊಡ್ಡವನಾಗಿ ಮಾಸ್ಟ್ರಾಗಿ ಕಡಬದ ಶಾಲೆಗೇ ವರ್ಗ ಕೇಳಿ ಹೋದನಲ್ಲ, ಮದುವೆಗೆ ಕರುಣಳೇ ಬೇಕು ಎಂದನಲ್ಲ — ಅವನಿಗೆ ಏನು ಗೊತ್ತು, ಎಷ್ಟು ಗೊತ್ತು, ನಾನು ಇಂದಿಗೂ ಕೇಳಿಲ್ಲ. ಧೈರ್ಯವಿಲ್ಲ.

ಶನಿವಾರ ಬೆಳಿಗ್ಗೆ ನಾಯಿಗಳು ಬಾಳೆಬುಡ ಕೆದರಿದ್ದವು. ಬೇಸಿಗೆ ಶಾಲೆಗೆ ಬರುವ ಮಕ್ಕಳೇ ಮೊದಲು ಕಂಡದ್ದು — ಬೂದು ಗರಿ, ಬೆಂದ ಎಲುಬು, ಕೆಂಪು ಚಿಂದಿ. ಹೇಂಟೆ ಕಳೆದ ಮನೆಯ ಬಾಳೆಬುಡದಲ್ಲಿ ಅದು ಸಿಕ್ಕಿದರೆ ಜನ ಏನು ತಿಳಿಯಬೇಕೋ ಅದನ್ನೇ ತಿಳಿದರು. ಮುಂಗುಸಿ ಕೋಳಿಯನ್ನು ಬಿಸಿನೀರಿಗೆ ಅದ್ದುವುದಿಲ್ಲ, ಬೇಯಿಸುವುದೂ ಇಲ್ಲ. ಚಿಂದಿ ಇರುವುದು ದೇವರ ಕೋಳಿಗೆ ಮಾತ್ರ. ರೋಗಕ್ಕೆ ಸಾಯದೆ ಉಳಿದ ಬೇರೆ ದೇವರ ಕೋಳಿಗಳೆಲ್ಲ ಚರ್ಚಿನ ಅಂಗಳಕ್ಕೆ ಬಂದಿವೆ. ನನ್ನದೂ ಬಂದಿದೆ.

ಚರ್ಚಿನ ಜಗಲಿಯಲ್ಲಿ ನಿಮ್ಮನ್ನು ನಿಲ್ಲಿಸಿದರು. ಮೋಡ ಕವಿದು ಗಾಳಿಯಿಲ್ಲದ ಬೇಗೆ. ಅಯ್ಯನವರು ಸಿಟ್ಟಿನ ಮನುಷ್ಯರಲ್ಲ. ತಗ್ಗಿದ ದನಿಯಲ್ಲಿ ಕೇಳಿದರು, “ಹಸಿವಾಗಿ ಕೊಯ್ದಿದ್ದರೆ ಹೇಳು ಹನ್ನ. ಹಸಿದು ತಿಂದದ್ದಕ್ಕೆ ದೇವರು ಸಿಟ್ಟು ಮಾಡುವುದಿಲ್ಲ. ಸುಳ್ಳು ಮಾತ್ರ ಬೇಡ.”

ಆ ಬಾಗಿಲು ನನಗೆ ತೆರೆದದ್ದು. ನಾನು ಹಸಿವಿಗೆ ಕೊಯ್ದವಳಲ್ಲ, ಮರ್ಯಾದೆಗೆ ಕೊಯ್ದವಳು. ಆದರೂ ಆಗ ಎದ್ದು ಒಂದು ಮಾತು ಹೇಳಿದ್ದರೆ...

ನೀವು ತಲೆ ತಗ್ಗಿಸಲಿಲ್ಲ. “ಹಸಿವಾಗಿದ್ರೆ ಹೇಳ್ತಿದ್ದೆ ಅಯ್ಯ. ಹಸಿವು ನಮಗೆ ಹೊಸತಾ? ನಾನು ಕೊಯ್ಯಲಿಲ್ಲ. ಮಾರ್ಥಕ್ಕನ ಹತ್ರ ಕೇಳಿ. ಅವರಿಗೆ ನೋಡ್ಲಿಕ್ಕೆ ಹೇಳಿಯೇ ನಿನ್ನೆ ಹೋದದ್ದು.”

ಎಲ್ಲರೂ ನನ್ನ ಕಡೆ ತಿರುಗಿದರು. ನೀವೂ ತಿರುಗಿದಿರಿ. ನಿಮ್ಮ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ನಾನು ಎದ್ದರೆ ಮುಗಿಯಿತು ಎನ್ನುವ ಹಾಗೆ.

ನಾನು ಎದ್ದೆ. ನಾನು ಹೇಳಿದ್ದು ಇದು: “ನಿನ್ನೆ ನಾನು ನೋಡುವಾಗ ಗೂಡಲ್ಲಿ ಕೋಳಿ ಇರ್ಲಿಲ್ಲ ಅಯ್ಯ. ಮತ್ತೆ... ಮೊನ್ನೆ ರಾತ್ರಿ ಅವಳ ಮನೆ ಕಡೆಯಿಂದ ಕೋಳಿ ಬೇಯುವ ವಾಸನೆ ಬಂದ ಹಾಗಾಯ್ತು.”

ಅಷ್ಟೇ. ಬಂತು ಎನ್ನಲಿಲ್ಲ — ‘ಬಂದ ಹಾಗಾಯ್ತು’ ಎಂದೆ. ಆ ‘ಹಾಗೆ’ಯ ಹಿಂದೆ ಅಡಗಿಕೊಂಡು ಎಷ್ಟು ವರ್ಷ ಪ್ರಾರ್ಥನೆ ಮಾಡಿದ್ದೇನೆ. ಆ ವಾಸನೆ ನನ್ನ ಒಲೆಯದ್ದು, ನನ್ನ ಸೆರಗಿನದ್ದು.

“ಇಲ್ಲ! ನಿನ್ನೆ ಬೆಳಿಗ್ಗೆ ನಾನು ಅದಕ್ಕೆ ಅಕ್ಕಿ ಹಾಕಿದ್ದೇನೆ!” ಎಂದು ಕರುಣ ಕಿರುಚಿದಳು. ಹಿಂದಿನಿಂದ ಯಾರೋ ಹೆಂಗಸು, “ಪಾಪ, ತಾಯಿ ಕಲಿಸಿದ್ದನ್ನು ಹೇಳ್ತದೆ” ಎಂದಳು. ಆ ಹೆಂಗಸಿಗೆ ನಾನು ಉತ್ತರ ಕೊಡಬಹುದಿತ್ತು. ಕೊಡಲಿಲ್ಲ.

ಅಂದು ಕರುಣ ಒಬ್ಬಳೇ ನಿಂತು ಒಂದು ಕೀರ್ತನೆ ಹಾಡುವುದಿತ್ತು. ಬೇಸಿಗೆಯಿಡೀ ಕಲಿತದ್ದು, ನಮ್ಮ ಮನೆಗೂ ಕೇಳುತ್ತಿತ್ತು. ಎದ್ದು ನಿಂತಳು, ಮೊದಲ ಸಾಲು ಹಾಡಿದಳು. ಮಕ್ಕಳ ಸಾಲಿನಿಂದ ಒಬ್ಬ ‘ಕೊಕ್ಕೊಕ್ಕೋ’ ಎಂದ. ಇನ್ನೊಬ್ಬ ಎಂದ. ಅವಳು ಎರಡನೆಯ ಸಾಲು ಹಾಡಲಿಲ್ಲ. ಮತ್ತೆ ಎಂದೂ ಚರ್ಚಿನಲ್ಲಿ ಅವಳ ದನಿ ಕೇಳಲಿಲ್ಲ.

ಆಮೇಲೆ ಏಲಂ. ನನ್ನ ಗಂಡ ಆ ಕೋಳಿಯನ್ನು — ನಿಮ್ಮ ಕೋಳಿಯನ್ನು — ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. “ನೋಡಿ ನೋಡಿ, ಹಿರಿಯರ ಕೋಳಿ ಹಿರಿಯರ ಹಾಗೆಯೇ ಎದೆ ಮುಂದೆ ಮಾಡಿ ನಿಲ್ಲುದು!” ಎಂದು ಯಾರೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ನಮ್ಮಲ್ಲಿ ಕೊಂಡವರು ಮತ್ತೆ ದೇವರಿಗೇ ಒಪ್ಪಿಸಿ ಇನ್ನೊಮ್ಮೆ ಏಲಂ ಹಾಕಿಸುವುದುಂಟಲ್ಲ, ಹಾಗೆ ಅದನ್ನು ಮತ್ತೆ ಮತ್ತೆ ಏಲಂ ಹಾಕಿದರು. ಆ ವರ್ಷದ ಹೆಚ್ಚಿನ ಕಂಬಳಿಗಳು ಬಂದದ್ದು ಆ ಒಂದು ಹೇಂಟೆಯಿಂದ. ನನ್ನ ಹೆಸರಿಗೆ ಚಪ್ಪಾಳೆ ಬಿತ್ತು.

ನಿಮ್ಮನ್ನು ಸಭೆಯಿಂದ ಹೊರಗೆ ಹಾಕಲಿಲ್ಲ. ಅಯ್ಯನವರು ಅದಕ್ಕೆ ಒಪ್ಪಲಿಲ್ಲ. ಹೆಂಗಸರು ಮಾತ್ರ ಹೇಳಿದರು, “ಇನ್ನು ಅಕ್ಕಿ ಬುಟ್ಟಿ ಹನ್ನನ ತಲೆ ಮೇಲೆ ಬೇಡ.” ಪ್ರತಿವರ್ಷ ನಿಮ್ಮ ಮನೆಗೂ ಒಂದು ಕಂಬಳಿ ಬರುತ್ತಿತ್ತು. ಆ ವರ್ಷ, “ದೇವರ ಕೋಳಿ ತಿಂದವರಿಗೆ ದೇವರ ಕಂಬಳಿಯಾ?” ಎಂದರು ಒಬ್ಬರು. ಹೆಂಗಸರ ಸಂಘದ ಮುಂದಿನ ಬೆಂಚಿನಲ್ಲಿ ಕೂತಿದ್ದ ನಾನು ನನ್ನ ಕೈಯ ಬಳೆ ನೋಡುತ್ತಿದ್ದೆ. ನಿಮ್ಮ ಕೋಳಿಯಿಂದ ಬಂದ ಕಂಬಳಿ ನಿಮಗೇ ಸಿಗಲಿಲ್ಲ ಹನ್ನಕ್ಕ. ಮಳೆ ಹಿಡಿಯುವ ಮೊದಲೇ ನೀವು ಮನೆ ಖಾಲಿಮಾಡಿ ಕೋಡಿಂಬಾಳಕ್ಕೆ ಅಣ್ಣನ ಮನೆಯ ಹತ್ತಿರ ಹೋದಿರಿ. ಹೊರಡುವಾಗ ನನ್ನ ಬಾಗಿಲಿಗೆ ಬಂದು ಒಂದು ಬಾಳೆಗೊನೆ ಇಟ್ಟಿರಿ. “ಇನ್ನು ಇದನ್ನು ನೋಡುವವರು ಯಾರು? ನಿಮ್ಮ ಬಚ್ಚಲ ನೀರಿನದ್ದೇ” ಎಂದಿರಿ. ನಾನು ಅದನ್ನು ಹಣ್ಣು ಮಾಡಿ ತಿಂದೆ. ಅದನ್ನೂ ತಿಂದೆ.

ಆನಂದ ನಿಮ್ಮ ಮಗಳ ಮಾತೆತ್ತಿದಾಗ ಹೇಳಬೇಕಿತ್ತು. ಹೇಳಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆಗಲಿ ಎಂದರೆ ಏನೂ ಹೇಳಬೇಕಾಗಿರಲಿಲ್ಲ. ಆಗಲಿ ಎಂದೆ. ಜನ ನನ್ನನ್ನು ದೊಡ್ಡ ಮನಸ್ಸಿನವಳು ಎಂದರು! “ಕೋಳಿ ಮನೆಯ ಹುಡುಗಿಯನ್ನು ತಂದುಕೊಂಡಳು ನೋಡಿ” ಎಂದರು. ಮೊದಲ ಕ್ರಿಸ್‌ಮಸ್ಸಿಗೆ ಕರುಣ ನಮ್ಮ ಮನೆಗೆ ಬಂದವಳು ಕೋಳಿ ಪದಾರ್ಥ ಮುಟ್ಟದೆ ಬರೀ ಸಾರಿನಲ್ಲಿ ಉಂಡಳು. “ಎಂತ ಮಗಳೇ, ಅತ್ತೆಯ ಕೈರುಚಿ ಹಿಡಿಸುದಿಲ್ವಾ?” ಎಂದು ನಾನೇ ಚುಚ್ಚಿದೆ. ಊಟಕ್ಕೆ ಬಂದಿದ್ದ ಒಬ್ಬಳು, “ಸಣ್ಣದಿರುವಾಗ ತಿಂದದ್ದೇ ಸಾಕಾಗಿರ್ಬೇಕು” ಎಂದು ಕಿಸಕ್ಕನೆ ನಕ್ಕಳು. ಕರುಣ ತಲೆಯೆತ್ತಲಿಲ್ಲ. ನಾನು ಅವಳಿಗೆ ಇನ್ನೊಂದು ಸೌಟು ಸಾರು ಹಾಕಿದೆ.

ಈಗ ಹೋದ ವಾರದ್ದು.

ಹೆಣ್ಣುಮಗು ಎಂದು ಸುದ್ದಿ ಬಂದ ಕೂಡಲೇ ನಾನು ಹೊರಟದ್ದು ಹೇಗೆ, ನೀವೇ ಕಂಡಿರಿ — ಸೀರೆ ಉಲ್ಟಾ ಉಟ್ಟದ್ದು ಕಡಬದಲ್ಲಿ ಇಳಿದ ಮೇಲೆ ಗೊತ್ತಾದದ್ದು. ಬಾಣಂತಿಗೆಂದು ನನ್ನ ಹಿತ್ತಿಲಿನ ಒಂದು ಎಳೆ ಹೇಂಟೆಯನ್ನು ಕಾಲು ಕಟ್ಟಿ ಬುಟ್ಟಿಯಲ್ಲಿ ತಂದಿದ್ದೆ. ಮಗನ ತಾಯಿ ಬರಿಗೈಯಲ್ಲಿ ಬರುತ್ತಾಳೆಯೇ?

“ಇದೆಂತ ಮಾರ್ಥಕ್ಕ?”

“ಬಾಣಂತಿಗೆ. ಒಳ್ಳೆಮೆಣಸು ಹಾಕಿ ಸಾರು ಮಾಡುದು. ಬೇಕಾದರೆ ನಾನೇ ಕೊಯ್ದು ಕೊಡ್ತೇನೆ.”

ನೀವು ಬುಟ್ಟಿಯನ್ನು ಮೆಲ್ಲಗೆ ಬಾಗಿಲ ಹೊರಗಿಟ್ಟಿರಿ. “ನಮ್ಮಲ್ಲಿ ಕೋಳಿ ಕೊಯ್ಯುದಿಲ್ಲ ಅಲ್ವಾ.”

“ಯಾವಾಗಿನಿಂದ?”

“ಪುತ್ತೂರು ಬಿಟ್ಟಂದಿನಿಂದ. ಮೀನು ಉಂಟು, ಕೋಳಿ ಇಲ್ಲ. ಮತ್ತೆ ಯಾರಾದ್ರೂ ವಾಸನೆ ಬಂತು ಅಂದ್ರೆ ಎಂತ ಮಾಡುದು ಹೇಳಿ!” ಎಂದು ನೀವು ನಕ್ಕಿರಿ. ನಿಜವಾಗಿಯೂ ನಕ್ಕಿರಿ. ನನ್ನ ಮುಖ ಹೇಗಾಯಿತೋ — ಕೂಡಲೇ ನನ್ನ ಕೈ ಹಿಡಿದುಕೊಂಡಿರಿ. “ಅಯ್ಯೋ, ನಿಮಗೆ ಅಂತ ಹೇಳಿದ್ದಲ್ಲ ಮಾರಾಯ್ರೆ. ನಿಮ್ಮ ಮೂಗಿಗೆ ಬಂದದ್ದನ್ನು ನೀವು ಹೇಳಿದ್ದು. ನೀವು ಸುಳ್ಳು ಹೇಳುವವರಾ? ಬೇರೆ ಯಾರ ಮನೆಯದ್ದೋ ವಾಸನೆ ಇರ್ಬೇಕು.”

ಬೇರೆ ಯಾರ ಮನೆಯದ್ದೋ!

ಒಳಗಿನಿಂದ ಕರುಣ ಹೇಳಿದಳು, “ನನಗೂ ಆಗುದಿಲ್ಲ ಅತ್ತೆ. ಆ ವಾಸನೆಗೇ ವಾಂತಿ ಬರ್ತದೆ.” ಆಮೇಲೆ ನೀವು ಮಗುವನ್ನು ತಂದು ನನ್ನ ಮಡಿಲಲ್ಲಿಟ್ಟಿರಿ. ಅದೇ ಹೊತ್ತಿಗೆ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನೀವು ಮಗುವನ್ನು ತಿರುಗಿ ತೆಗೆದುಕೊಳ್ಳುತ್ತೀರಿ ಎಂದು ಹೆದರಿ ಇನ್ನೂ ಬಿಗಿಯಾಗಿ ಹಿಡಿದುಕೊಂಡೆ, ಅದು ಅತ್ತಿತು. ಕರುಣ ಎತ್ತಿಕೊಂಡು ಮೆಲುದನಿಯಲ್ಲಿ ಹಾಡಿ ಮಲಗಿಸಿದಳು. ಯಾವ ಹಾಡು ಗೊತ್ತೇ ಹನ್ನಕ್ಕ? ಅದೇ ಕೀರ್ತನೆ. ಆ ಶನಿವಾರ ನಿಂತುಹೋದ ಎರಡನೆಯ ಸಾಲನ್ನು ನಾನು ಮತ್ತೆ ಅವಳ ಬಾಯಿಂದ ಕೇಳಿದ್ದು ಅಂದೇ. ಗೋಡೆಯ ಕಡೆ ಮುಖ ಮಾಡಿ ಹಾಡುತ್ತಿದ್ದಳು. ಹೊರಗೆ ಕೇಳದ ಹಾಗೆ.

ಬರುವಾಗ ಕೋಳಿ ನನ್ನ ಜೊತೆಗೇ ತಿರುಗಿ ಬಂತು. ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಮೊಮ್ಮಗಳ ವಿಷಯ ಹೇಳಿಕೊಂಡೇ ಬಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. “ಸಂತೋಷಕ್ಕೆ ಅಳು ಬರುವುದುಂಟು ಅಜ್ಜಿ” ಎಂದಿತು ಒಂದು ಹುಡುಗಿ.

ನನಗೆ ಇದಕ್ಕೆ ಕ್ಷಮೆ ಕೇಳುವ ಬಾಯಿ ಇಲ್ಲ. ವಯಸ್ಸು ಸಣ್ಣದಿತ್ತು ಎನ್ನಲಾರೆ, ಮಗನ ತಾಯಿಯಾಗಿದ್ದೆ. ಅತ್ತೆಯ ಮನೆಯ ಒತ್ತಾಯ ಎನ್ನಲಾರೆ. ಯಾರೂ ಒತ್ತಾಯ ಮಾಡಿರಲಿಲ್ಲ. ನಿಮ್ಮ ಒಲೆಯಿಂದ ಇಷ್ಟು ವರ್ಷ ನಾನು ತೆಗೆದದ್ದನ್ನು, ನಿಮ್ಮ ಮಗಳ ಗಂಟಲಿನಿಂದ ತೆಗೆದದ್ದನ್ನು ತಿರುಗಿ ಕೊಡಲು ನನ್ನಲ್ಲಿ ಇರುವುದು ಈ ಮಾತು ಒಂದೇ.

ಬರುವ ಭಾನುವಾರ ಮಗುವಿನ ದೀಕ್ಷಾಸ್ನಾನ, ಪುತ್ತೂರಿನಲ್ಲಿ. ಅದರ ಹಿಂದಿನ ದಿನ ಬೇಸಿಗೆ ಶಾಲೆಯ ಕೊನೆಯ ದಿನ — ಈಗಲೂ ಅಂಗಳದಲ್ಲಿ ದೇವರ ಕೋಳಿಗಳ ಏಲಂ ಉಂಟು. ನಾನು ನಾಳೆ ಮೊದಲ ಬಸ್ಸಿಗೆ ಕಡಬಕ್ಕೆ ಬರುತ್ತೇನೆ. ನೀವು ಒಲೆಯ ಹತ್ತಿರ ಕೂತಿರಿ, ಕರುಣಳೂ ಕೇಳಲಿ, ಆನಂದನೂ ಇರಲಿ. ಇದನ್ನು ಓದುತ್ತೇನೆ. ಈ ಸಲ ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿ ಮುಗಿದ ಮೇಲೆ ನೀವು ಹೊರಡು ಎಂದರೆ ಹೊರಡುತ್ತೇನೆ. ಭಾನುವಾರ ಮಗುವನ್ನು ಎತ್ತಿಕೊಂಡು ಹೋಗುವುದು ತಂದೆಯ ತಾಯಿ ಎಂದು ವಾಡಿಕೆ. ಆ ಕೈ ಯಾರದ್ದಾಗಬೇಕೆಂದು ನೀವು ಹೇಳಿ. ನಾನು ಹಿಂದಿನ ಬೆಂಚಿನಲ್ಲಿ ಕೂತರೂ ಅದು ನನ್ನ ಮೊಮ್ಮಗಳೇ.

ಶನಿವಾರದ್ದು ಮಾತ್ರ ನೀವು ಬೇಡವೆಂದರೂ ಮಾಡುತ್ತೇನೆ. ನಾನು ಸುಳ್ಳು ಹೇಳಿದ ಅದೇ ಜಗಲಿಯಲ್ಲಿ ನಿಂತು ಇದನ್ನು ಓದುತ್ತೇನೆ. ನಿಮ್ಮ ಬಾಗಿಲಿಂದ ತಿರುಗಿ ಬಂದ ಹೇಂಟೆ ಈಗ ನನ್ನ ಹಿತ್ತಿಲಿನಲ್ಲಿದೆ. ನಿನ್ನೆ ಅದರ ಕಾಲಿಗೆ ಕೆಂಪು ಚಿಂದಿ ಕಟ್ಟಿದೆ. ಏಲಮಿನಲ್ಲಿ ಅದನ್ನು ಎತ್ತಿ ಹಿಡಿಯುವಾಗ ಯಾರ ಮನೆಯದ್ದೆಂದು ಕೇಳುತ್ತಾರೆ. ಹನ್ನಕ್ಕನ ಮನೆಯದ್ದು ಎಂದು ಹೇಳುತ್ತೇನೆ, ಕೊನೆಯ ಸಾಲಿಗೂ ಕೇಳುವ ಹಾಗೆ. ಆ ಸಂಜೆ ಅಂಗಳಕ್ಕಿಳಿದು ನಿಮ್ಮ ಹೇಂಟೆಯನ್ನು ಕೂಗಿದೆನಲ್ಲ, ಅಷ್ಟೇ ಗಟ್ಟಿಯಾಗಿ.